ಕಿರಣ ತಗುಲದ ಗಡ್ಡೆಯೂ ಕರಗುವುದೆ?

ನಮ್ಮ ಚರ್ಮದ ಹೊರಪದರದ ತಳದಲ್ಲಿ, ಬೆರಳತುದಿಗಳಲ್ಲಿಯೂ ತುಟಿಗಳಲ್ಲಿಯೂ ವಿಶೇಷವಾಗಿ ನೆಲೆಗೊಂಡು, ಅತಿ ಮೃದುವಾದ ಸ್ಪರ್ಶವನ್ನೂ ಗ್ರಹಿಸಿ ನರತಂತುಗಳಿಗೆ ನಿವೇದಿಸುವ ಒಂದು ಜಾತಿಯ ಜೀವಕೋಶಗಳುಂಟು. 1875ರಲ್ಲಿ ಅವುಗಳನ್ನು ವರ್ಣಿಸಿದ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಫ್ರೀಡ್ರಿಕ್ ಮೆರ್ಕೆಲ್ಲರ ಹೆಸರೇ ಅವುಗಳಿಗೆ ನಿಂತಿತು. ಸುಮಾರು ಒಂದು ಶತಮಾನ ಕಳೆದ ಮೇಲೆ, 1972ರಲ್ಲಿ, ಸಿರಿಲ್ ಟೋಕರ್ ಎಂಬ ರೋಗವಿಜ್ಞಾನಿಗಳು ಐವರು ರೋಗಿಗಳಲ್ಲಿ ಕಂಡ ಚರ್ಮದ ಒಂದು ಅಪೂರ್ವ ಅರ್ಬುದವನ್ನು ವೈದ್ಯಲೋಕದ ಗಮನಕ್ಕೆ ತಂದರು. ಅದು ಮೆರ್ಕೆಲ್ ಕೋಶಗಳಿಂದಲೇ ಹುಟ್ಟುವುದೆ ಎಂಬ ವಿಚಾರದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲವಾದರೂ, ಅದರ ಕೋಶಗಳು ಆ ಸ್ಪರ್ಶಕೋಶಗಳನ್ನು ಹೋಲುತ್ತಿದ್ದ ಕಾರಣ ಮುಂದೆ ಅದಕ್ಕೂ ಮೆರ್ಕೆಲ್ ಕೋಶದ ಕ್ಯಾನ್ಸರ್ ಎಂಬ ಹೆಸರು ಬಂದಿತು. ಹೆಚ್ಚಾಗಿ ಬಿಳಿಯ ತ್ವಚೆಯ ವೃದ್ಧರಲ್ಲಿ, ಬಿಸಿಲಿಗೆ ತೆರೆದ ಮುಖ, ಕುತ್ತಿಗೆ, ತೋಳುಗಳ ಮೇಲೆ ನೋವಿಲ್ಲದ ಕೆಂಪು ಗಂಟಾಗಿ ತಲೆದೋರುವ ಈ ವ್ಯಾಧಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 3,000 ಮಂದಿಗೆ ಮಾತ್ರ ತಗಲುವಂಥದಾದರೂ, ದೇಹದ ಬೇರೆಡೆಗೆ ಬಹು ಬೇಗ ಹಬ್ಬುವ ಅದರ ಸ್ವಭಾವದಿಂದ ಚರ್ಮದ ಅರ್ಬುದಗಳಲ್ಲೆಲ್ಲ ಅತ್ಯಂತ ಘೋರವಾದವುಗಳ ಸಾಲಿಗೆ ಸೇರಿದೆ.

2008ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ಪ್ರಯೋಗಾಲಯವು ಈ ಗಡ್ಡೆಗಳೊಳಗೆ ಅದುವರೆಗೆ ಯಾರೂ ಅರಿಯದಿದ್ದ ಒಂದು ವೈರಸ್ಸನ್ನು ಪತ್ತೆಹಚ್ಚಿತು. ಬಹುಮಂದಿಯ ಚರ್ಮದಲ್ಲಿ ಯಾವ ಉಪದ್ರವವನ್ನೂ ಕೊಡದೆ ವಾಸಿಸುವ ಈ ಸೂಕ್ಷ್ಮಜೀವಿಯು ಅತಿ ವಿರಳವಾಗಿ ಕೋಶದ ವಂಶವಾಹಿಯೊಳಕ್ಕೇ ಸೇರಿಕೊಂಡು ಅದರ ಬೆಳವಣಿಗೆಯನ್ನು ಕೆಡಿಸುವುದು. ಅಮೆರಿಕದ ಈ ಅರ್ಬುದಗಳಲ್ಲಿ ಸುಮಾರು ಶೇಕಡ 80ರಷ್ಟು ಇದರ ಫಲ. ಉಳಿದವು ಬಿಸಿಲಿನ ನೇರಳಾತೀತ ಕಿರಣಗಳು ವಂಶವಾಹಿಯಲ್ಲಿ ಉಂಟುಮಾಡಿದ ಅಸಂಖ್ಯ ವಿಕಾರಗಳಿಂದ ಜನಿಸಿದವು. ಎರಡು ದಾರಿಗಳಲ್ಲಿಯೂ ಗಡ್ಡೆಯ ಮೈಮೇಲೆ ದೇಹಕ್ಕೆ ಅನ್ಯವಾದ ಗುರುತುಗಳು ಉಳಿಯುತ್ತವೆ; ನಮ್ಮ ರಕ್ಷಣೆಗೆ ನಿಂತ ಟಿ ಕೋಶಗಳು ಅವುಗಳನ್ನು ಗುರುತಿಸಬಲ್ಲವು. ಗುರುತಿಸಿಯೂ ಅವು ಸುಮ್ಮನಿರುವುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಟ್ಟವರು ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ; ಇವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು. ಟಿ ಕೋಶಗಳು ಸ್ವಂತ ದೇಹದ ಮೇಲೆಯೇ ಎರಗದಂತೆ ಪ್ರಕೃತಿಯು ಅವುಗಳಿಗೆ ಸಿಟಿಎಲ್‌ಎ-4, ಪಿಡಿ-1 ಎಂಬ ಕಡಿವಾಣಗಳನ್ನು ತೊಡಿಸಿದೆ. ಅರ್ಬುದವು ಇವನ್ನೇ ಬಿಗಿಹಿಡಿದು ತನ್ನನ್ನು ಕಾಪಾಡಿಕೊಳ್ಳುತ್ತದೆ. ಮೊದಲನೆಯದನ್ನು ಇಪಿಲಿಮುಮ್ಯಾಬ್ ಎಂಬ ಔಷಧವೂ ಎರಡನೆಯದನ್ನು ನಿವೊಲುಮ್ಯಾಬ್ ಎಂಬುದೂ ಸಡಿಲಿಸುತ್ತವೆ. ಇಂತಹ ಒಂದೇ ಔಷಧದಿಂದ ಸುಮಾರು ಅರ್ಧದಷ್ಟು ರೋಗಿಗಳ ಗಡ್ಡೆಗಳು ಕುಗ್ಗಿದುದನ್ನು ವೈದ್ಯರು ಹರ್ಷದಿಂದ ಕಂಡರು. ಆದರೆ ಉಳಿದರ್ಧದವರ ಗತಿಯೇನು?

ಇಲ್ಲಿಯೇ ವಿಕಿರಣದ ಹಳೆಯ ವಿಸ್ಮಯವೊಂದು ಚಿಂತಕರ ನೆನಪಿಗೆ ಬಂದಿತು. ಒಂದು ಕಡೆಯ ಗಡ್ಡೆಗೆ ಕಿರಣ ಕೊಟ್ಟಾಗ, ಕಿರಣವೇ ಸೋಕದ ದೂರದ ಗಡ್ಡೆಯೂ ಕುಗ್ಗುವ ಅಪರೂಪದ ಪರಿಣಾಮಕ್ಕೆ 1953ರಲ್ಲಿ ಬ್ರಿಟನ್ನಿನ ಆರ್. ಎಚ್. ಮೋಲ್ ಅವರು ‘ಆಬ್‌ಸ್ಕೋಪಲ್’ ಎಂಬ ಹೆಸರಿಟ್ಟಿದ್ದರು. ಕಿರಣದ ಪೆಟ್ಟಿಗೆ ಒಡೆದ ಅರ್ಬುದಕೋಶಗಳು ತಮ್ಮೊಳಗಿನ ಅನ್ಯದ್ರವ್ಯಗಳನ್ನು ಹೊರಚೆಲ್ಲುವುವು. ಅವುಗಳನ್ನು ಕೆಲವು ರಕ್ಷಕಕೋಶಗಳು ಹೆಕ್ಕಿಕೊಂಡು ದುಗ್ಧಗ್ರಂಥಿಗಳಿಗೆ ಒಯ್ದು ಟಿ ಕೋಶಗಳಿಗೆ ಶತ್ರುವಿನ ಪರಿಚಯ ಮಾಡಿಕೊಡುವುವು. ಹಾಗೆ ಶಿಕ್ಷಿತವಾದ ಕೋಶಗಳು ದೇಹವೆಲ್ಲ ಸಂಚರಿಸಿ ಶತ್ರುವನ್ನು ಕಂಡಲ್ಲಿ ಸಂಹರಿಸುವುವು ಎಂಬುದು ಇದರ ಹಿಂದಿನ ತರ್ಕ. 2012ರಲ್ಲಿ ನ್ಯೂಯಾರ್ಕಿನ ವೈದ್ಯರು, ಇಪಿಲಿಮುಮ್ಯಾಬ್ ಪಡೆಯುತ್ತಿದ್ದ, ಮೆಲನೋಮ ಎಂಬ ಮತ್ತೊಂದು ಚರ್ಮದ ಅರ್ಬುದದ ರೋಗಿಯೊಬ್ಬರಲ್ಲಿ ಬೆನ್ನೆಲುಬಿನ ಬಳಿಯ ಗಡ್ಡೆಗೆ ಮಾತ್ರ ಕಿರಣ ಕೊಟ್ಟಾಗ ಗುಲ್ಮದಲ್ಲಿದ್ದವೂ ಕುಗ್ಗಿದುದನ್ನು ಪ್ರಕಟಿಸಿದ ಮೇಲೆ ಈ ಆಸೆಗೆ ರೆಕ್ಕೆ ಮೂಡಿತು. ತರ್ಕ ಮನೋಹರವಾಗಿದ್ದಿತು, ದೃಷ್ಟಾಂತವೂ ಕಣ್ಣೆದುರಿಗಿದ್ದಿತು. ಆದರೆ ಒಬ್ಬ ರೋಗಿಯಲ್ಲಿ ಕಂಡುದು ಕಿರಣದ ಮಹಿಮೆಯೊ, ತಡವಾಗಿ ಫಲಿಸಿದ ಔಷಧದ ಮಹಿಮೆಯೊ ಎಂಬುದನ್ನು ಒಂದೇ ದೃಷ್ಟಾಂತದಿಂದ ಬಗೆಹರಿಸಲು ಎಷ್ಟು ದೊಡ್ಡ ಪಂಡಿತನಿಗೂ ಸಾಧ್ಯವಿಲ್ಲ.

ಅದನ್ನು ಬಗೆಹರಿಸಲು ಫ್ಲಾರಿಡದ ಟ್ಯಾಂಪಾ ನಗರದ ಮೊಫಿಟ್ ಅರ್ಬುದ ಕೇಂದ್ರದವರೂ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರೂ ಕೂಡಿ, 2017ರಿಂದ 2021ರವರೆಗೆ, ಮೆರ್ಕೆಲ್ ಕೋಶದ ಅರ್ಬುದ ಮುಂದುವರಿದಿದ್ದ 50 ಮಂದಿಯನ್ನು ಪರೀಕ್ಷೆಗೆ ಸೇರಿಸಿಕೊಂಡರು. ಯಾರು ಯಾವ ಗುಂಪಿಗೆಂಬುದನ್ನು ವೈದ್ಯರ ಇಚ್ಛೆಗಾಗಲಿ ರೋಗಿಯ ಇಚ್ಛೆಗಾಗಲಿ ಬಿಡದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ 25 ಮಂದಿಯ ಎರಡು ಗುಂಪುಗಳಾಗಿ ವಿಂಗಡಿಸಿದರು. ಇಪಿಲಿಮುಮ್ಯಾಬ್, ನಿವೊಲುಮ್ಯಾಬ್ ಎರಡೂ ಔಷಧಗಳು ಎಲ್ಲರಿಗೂ ದೊರೆತವು. ಎರಡನೆಯ ಗುಂಪಿಗೆ ಮಾತ್ರ, ಚಿಕಿತ್ಸೆಯ ಎರಡನೆಯ ವಾರದಲ್ಲಿ, ಸ್ಟೀರಿಯೊಟ್ಯಾಕ್ಟಿಕ್ ವಿಕಿರಣವೂ ದೊರೆಯಿತು. ನಾನಾ ಕೋನಗಳಿಂದ ಹೊರಟ ಕಿರಣಗಳು ಗಡ್ಡೆಯಲ್ಲಿ ಬಂದು ಸಂಧಿಸುವುದರಿಂದ ಅಲ್ಲಿ ಅವುಗಳ ಬಲವೆಲ್ಲ ಒಟ್ಟುಗೂಡಿ, ಸುತ್ತಲಿನ ಅಂಗಗಳಿಗೆ ಅಲ್ಪವಷ್ಟೆ ತಗಲುವ ವಿಧಾನವಿದು; ಮೂರು ಬಾರಿಯಲ್ಲಿ ಒಟ್ಟು 24 ಗ್ರೇ ಪ್ರಮಾಣವನ್ನು ಕೊಡಲಾಯಿತು. ಪ್ರತಿ ರೋಗಿಗೂ ಕಡಮೆಯೆಂದರೆ ಎರಡು ಗಡ್ಡೆಗಳಿರಬೇಕೆಂಬ ನಿಯಮದ ಮರ್ಮವೂ ಇಷ್ಟೆ: ಕಿರಣಕ್ಕೊಂದು ಗುರಿಯಾದರೆ, ದೂರದ ಪರಿಣಾಮವನ್ನು ಅಳೆಯಲು ಮತ್ತೊಂದು ಬೇಕಲ್ಲವೆ?

2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂದಿತು. ಹಿಂದೆ ಇಂತಹ ಔಷಧವನ್ನೇ ಪಡೆಯದಿದ್ದವರಲ್ಲಿ ಪರಿಶೀಲನೆಗೆ ದೊರೆತ 22 ಮಂದಿಯಲ್ಲಿ 22 ಮಂದಿಗೂ ಗಡ್ಡೆಗಳು ಕುಗ್ಗಿದವು. ಒಂಬತ್ತು ಮಂದಿಯಲ್ಲಿ ಪೂರ್ಣವಾಗಿ ಮಾಯವಾದವು. ಇಂತಹ ಔಷಧವನ್ನು ಮೊದಲೇ ಪಡೆದಿದ್ದ 26 ಮಂದಿಯಲ್ಲಿ ಎಂಟು ಮಂದಿಗೆ ಗುಣ ಕಂಡಿತು, ನಾಲ್ವರಲ್ಲಿ ರೋಗದ ಕುರುಹೇ ಉಳಿಯಲಿಲ್ಲ. ಬೇರೆ ದಾರಿ ವಿರಳವಾಗಿದ್ದ ಈ ಎಂಟು ಮಂದಿಯ ವಿಚಾರವೇ ನನಗೆ ಆ ಮೊದಲಿನ ನೂರಕ್ಕೆ ನೂರಕ್ಕಿಂತಲೂ ಅಮೂಲ್ಯವಾಗಿ ಕಾಣುತ್ತದೆ. ಕಿರಣ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಮಾತ್ರ ಗಣ್ಯವಾದ ಅಂತರ ಕಂಡುಬರಲಿಲ್ಲ. ತೀವ್ರವಾದ ಅಡ್ಡಪರಿಣಾಮಗಳಿಗೆ ಕಿರಣವಿಲ್ಲದ ಗುಂಪಿನಲ್ಲಿ ಹತ್ತು ಮಂದಿಯೂ, ಕಿರಣವಿದ್ದ ಗುಂಪಿನಲ್ಲಿ ಎಂಟು ಮಂದಿಯೂ ಗುರಿಯಾದರು. ಕಡಿವಾಣ ಸಡಿಲವಾದ ಟಿ ಕೋಶಗಳು ಸ್ವಂತ ಅಂಗಗಳ ಮೇಲೂ ಎರಗಬಲ್ಲವೆಂಬುದನ್ನು ಮರೆಯಲಾಗದು.

ಐವತ್ತು ಮಂದಿಯ ಪರೀಕ್ಷೆ ಸಣ್ಣದು. ಅಲ್ಪವಾದ ಲಾಭವೊಂದು ಅದರ ಕಣ್ಣಿಗೆ ಬೀಳದೆ ಹೋಗಿರಬಹುದು. ನಿವೊಲುಮ್ಯಾಬ್ ಒಂದನ್ನೇ ಪಡೆದ ಗುಂಪೊಂದು ಇರಲಿಲ್ಲವಾದ್ದರಿಂದ, ಇಪಿಲಿಮುಮ್ಯಾಬಿನ ಪಾಲೆಷ್ಟೆಂದು ನಿಷ್ಕರ್ಷಿಸಲೂ ಬಾರದು. ಆದರೂ 2021ರಲ್ಲಿ ತಲೆ-ಕುತ್ತಿಗೆಯ ಅರ್ಬುದದ 62 ರೋಗಿಗಳಲ್ಲಿ ನಿವೊಲುಮ್ಯಾಬಿನೊಡನೆ ಇದೇ ಬಗೆಯ ಕಿರಣವನ್ನು ಕೂಡಿಸಿ ನೋಡಿದಾಗಲೂ ದೂರದ ಗಡ್ಡೆಗಳಲ್ಲಿ ಹೆಚ್ಚಿನ ಲಾಭ ದೊರೆತಿರಲಿಲ್ಲವೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ಮೆರ್ಕೆಲ್ ಕೋಶದ ಅರ್ಬುದವು ವಿಕಿರಣಕ್ಕೆ ಬಹು ಬೇಗ ಮಣಿಯುವಂಥದು. ಶಸ್ತ್ರಕ್ರಿಯೆಯ ಅನಂತರ ಅದೇ ಜಾಗದಲ್ಲಿ ರೋಗ ಮರುಕಳಿಸದಂತೆ ತಡೆಯಲು, ನೋಯುವ ಅಥವಾ ರಕ್ತ ಸುರಿಸುವ ಗಡ್ಡೆಯನ್ನು ಶಮನಗೊಳಿಸಲು ವಿಕಿರಣದ ಸ್ಥಾನ ಅಬಾಧಿತ. ಆದರೆ ಒಂದು ಗಡ್ಡೆಗೆ ಕಿರಣ ಕೊಟ್ಟು ಉಳಿದವೂ ಕರಗಲೆಂದು ಕಾಯುವುದಕ್ಕೆ, ಈ ರೋಗದ ಮಟ್ಟಿಗೆ, ಈ ಪರೀಕ್ಷೆಯು ಆಧಾರವನ್ನು ಒದಗಿಸಲಿಲ್ಲ.