ಹದಿನೆಂಟು ಕಚೇರಿಗಳ ಕೆಂಪು ಕಟ್ಟಡ

ಮಕ್ಕಳೇ, ಬೆಂಗಳೂರಿನಲ್ಲಿ ವಿಧಾನಸೌಧದ ಎದುರಿಗಿರುವ ಕೆಂಪು ಕಟ್ಟಡ ಈಗ ಹೈಕೋರ್ಟು. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, 'ಅಠಾರಾ ಕಚೇರಿ' ಎಂದಾರು. ಅಠಾರಾ ಎಂದರೆ ಹಿಂದೂಸ್ತಾನಿಯಲ್ಲಿ ಹದಿನೆಂಟು.

ಬ್ರಿಟಿಷ್ ಕಮಿಷನರುಗಳು ಮೈಸೂರನ್ನು ಆಳುತ್ತಿದ್ದಾಗ ಸರ್ಕಾರದ ಕಚೇರಿಗಳು ಕೋಟೆಯಲ್ಲಿದ್ದ ಟಿಪ್ಪುವಿನ ಅರಮನೆಯಲ್ಲೇ ನಡೆಯುತ್ತಿದ್ದವು. ಬೇಸಿಗೆಯಲ್ಲಿ ತಂಪಾಗಿರಲೆಂದು ಕಟ್ಟಿದ ಮರದ ಅರಮನೆ ಅದು. ಗುಮಾಸ್ತರಿಗೂ ಕಾಗದದ ಕಟ್ಟುಗಳಿಗೂ ಕಟ್ಟಿದ್ದಲ್ಲ! 1868ರಲ್ಲಿ ಕೆಂಪು ಕಟ್ಟಡ ಸಿದ್ಧವಾಗಿ, 18 ಇಲಾಖೆಗಳು ಅಲ್ಲಿಗೆ ಬಂದವು.

1956ರಲ್ಲಿ ವಿಧಾನಸೌಧ ಮುಗಿದ ಮೇಲೆ ಸಚಿವಾಲಯ ರಸ್ತೆ ದಾಟಿತು. 1980ರ ದಶಕದಲ್ಲಿ ಕೆಂಪು ಕಟ್ಟಡವನ್ನೇ ಕೆಡವುವ ಮಾತು ಎದ್ದಿತು. ಕೂಡದೆಂದು ಜನ ನ್ಯಾಯಾಲಯದ ತನಕ ಹೋದರು, ಸದ್ಯ, ಉಳಿಯಿತು. ಇಲಾಖೆಗಳೋ ಬೆಳೆಯುತ್ತಲೇ ಇದ್ದವು. ವಿಧಾನಸೌಧವೂ ಸಾಲದೆ, ಪಕ್ಕದಲ್ಲೇ ಅದರ ತಮ್ಮನಂಥ ವಿಕಾಸಸೌಧ 2005ರಲ್ಲಿ ಬಾಗಿಲು ತೆರೆಯಿತು.