ಕಲ್ಲಿಗೆ ಬೆನ್ನೂರಿದ ಕತ್ತಿ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರುಗಳಲ್ಲಿ ಕ್ಷೌರದವರೆಂದರೆ ಆಯಗಾರರಲ್ಲಿ ಒಬ್ಬರು. ವರ್ಷವಿಡೀ ಮನೆಮನೆಯ ತಲೆ, ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಅಳೆಸಿಕೊಂಡು ಬರುವ ಲೆಕ್ಕ ಅದು. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣ ಈ ಸಮುದಾಯದವರು ಅಭಿಮಾನದಿಂದ ಹೇಳುವ ಹೆಸರು. ಕ್ಷೌರದವರ ಚೀಲದಲ್ಲಿ ಕತ್ತರಿ, ಬಾಚಣಿಗೆ, ನೀರಿನ ಬಟ್ಟಲಿನ ಜೊತೆಗೆ ಮಡಚುವ ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ ಇರುತ್ತಿದ್ದವು. ಕೂತವರ ಕಣ್ಣೆಲ್ಲ ಕತ್ತಿಯ ಮೇಲೆ. ಕಲ್ಲನ್ನು ಯಾರೂ ನೋಡುತ್ತಿರಲಿಲ್ಲ.

ಕುಡುಗೋಲು ಮಸೆದು ರೂಢಿಯಾದ ಕೈ ಕತ್ತಿಯ ಬೆನ್ನನ್ನು ಎತ್ತಿ ಹಿಡಿದು, ಬಾಯನ್ನಷ್ಟೇ ಕಲ್ಲಿಗೆ ಕೊಟ್ಟು ಒತ್ತಿ ಉಜ್ಜುತ್ತದೆ. ಕ್ಷೌರದ ಕತ್ತಿಗೆ ಇದು ಆಗಿಬರುವುದಿಲ್ಲ. ಅದರ ಬೆನ್ನು ದಪ್ಪಗಿರುವುದೇ ಕಲ್ಲಿನ ಮೇಲೆ ಊರಲಿಕ್ಕೆ. ಬೆನ್ನು, ಬಾಯಿ ಎರಡೂ ಹತ್ತಿದರೆ ಕೋನ ತಾನಾಗಿ ಕೂಡುತ್ತದೆ: 16 ಮಿಲಿಮೀಟರ್ ಅಗಲದ ಅಲಗಿಗೆ 5ರ ಹತ್ತಿರದ ದಪ್ಪದ ಬೆನ್ನಿದ್ದರೆ ಸುಮಾರು 18 ಡಿಗ್ರಿ. ಅಳೆಯುವ ಗೋಜೇ ಇಲ್ಲ.

ಅಲಗಿನ ಉದ್ದ ಸುಮಾರು 3 ಇಂಚು, ಕಲ್ಲಿನ ಅಗಲ ಅದಕ್ಕಿಂತ ಕಡಿಮೆ. ಹಾಗಾಗಿ ಹಿಡಿಯ ಕಡೆಯಿಂದ ಹಿಡಿದು ತುದಿಯವರೆಗೆ ಓರೆಯಾಗಿ ಸರಿಸುತ್ತ ಹೋಗಬೇಕು, ಬಾಯಿ ಮುಂದಾಗಿ. ಕೊನೆಯಲ್ಲಿ ಬೆನ್ನಿನ ಮೇಲೇ ಹೊರಳಿಸಿ ಹಿಂದಕ್ಕೆ ತರಬೇಕು. ಹೋದಷ್ಟೇ ಸಲ ಬರಬೇಕು. ಒತ್ತುವಂತಿಲ್ಲ, ಕತ್ತಿಯ ಭಾರವೇ ಸಾಕು. ಎಲ್ಲೋ ಒಂದು ಕಡೆ ಕೈ ಭಾರವಾದರೆ ಅಲ್ಲಿ ಸವೆದು ಅಲಗು ಒಳಬಾಗುತ್ತದೆ. ಚರ್ಮದ ಪಟ್ಟಿಯ ಮೇಲೆ ಎಲ್ಲವೂ ತಿರುಗುಮುರುಗು: ಬೆನ್ನು ಮುಂದು, ಬಾಯಿ ಹಿಂದು. ಇಲ್ಲವಾದರೆ ಚರ್ಮವೇ ಸೀಳುತ್ತದೆ. ಪಟ್ಟಿ ಬಿಗಿಯಾಗಿರಬೇಕು, ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಕತ್ತಿ ಒಂದು ಕಡೆ ಹರಿದು ಇನ್ನೊಂದು ಕಡೆ ಎಳೆದರೆ ಅನುಮಾನಿಸಬೇಕಾದ್ದು ಕೈಯನ್ನಲ್ಲ, ಕಲ್ಲನ್ನು. ದಿನಾ ಉಜ್ಜಿಸಿಕೊಂಡ ಕಲ್ಲು ನಡುವೆ ತಗ್ಗುಬೀಳುತ್ತದೆ, ಅಲಗು ಉದ್ದಕ್ಕೂ ಅದಕ್ಕೆ ಹತ್ತುವುದಿಲ್ಲ. ಸಮತಟ್ಟು ಎಂದರೇನೆಂದು ಹರಿಹರಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತಯಾರಿಸುತ್ತಿದ್ದುದೇ ಲೇತ್ ಯಂತ್ರಗಳನ್ನು. ಲೇತಿನ ಹಾಸನ್ನು ಮಟ್ಟಸ ಮಾಡುವ ಹಳೆಯ ಕ್ರಮ ಒಂದಿದೆ: ಸಮತಲದ ಫಲಕಕ್ಕೆ ತೆಳ್ಳಗೆ ನೀಲಿ ಬಳಿದು ತಾಗಿಸಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಹೆರೆಯುವುದು. ಕತ್ತಿಗೂ ಇದೇ ಉಪಾಯ. ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ ಒಂದು ಸಲ ಕಲ್ಲಿಗೆ ಎಳೆದರೆ, ಶಾಯಿ ಉಳಿದ ಕಡೆ ಕಲ್ಲು ಹತ್ತಿಲ್ಲವೆಂದು ಗೊತ್ತಾಗುತ್ತದೆ. ತಗ್ಗು ತೆಗೆಯಲು ಕಲ್ಲಿಗೆ ಕಲ್ಲು ಉಜ್ಜುತ್ತಾರೆ. ಆದರೆ ಎರಡೇ ಕಲ್ಲಾದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂತು ಮೋಸವಾಗಬಹುದು. ಮೂರನ್ನು ಅದಲುಬದಲು ಮಾಡಿ ಉಜ್ಜಿದರೆ ಮೂರೂ ಮಟ್ಟವಾಗಲೇಬೇಕು.

ಎಚ್‌ಐವಿಯ ಅರಿವು ಹಳ್ಳಿಗಳಿಗೂ ತಲುಪಿದ ಮೇಲೆ ಕತ್ತಿಯ ಜಾಗಕ್ಕೆ ಅರ್ಧ ಬ್ಲೇಡು ಬಂತು. ಒಬ್ಬರಿಗೆ ಒಂದು ತುಂಡು, ಆಮೇಲೆ ಬುಟ್ಟಿಗೆ. ಆರೋಗ್ಯದ ದೃಷ್ಟಿಯಿಂದ ಅದೇ ಸರಿ, ಅದರಲ್ಲಿ ತಕರಾರಿಲ್ಲ. ಹಿಡಿಕೆ ಮಾತ್ರ ಇನ್ನೂ ಹಳೆಯ ಕತ್ತಿಯ ಆಕಾರದಲ್ಲೇ ಮಡಚಿಕೊಳ್ಳುತ್ತದೆ.

ಕೆಲಸ ತಪ್ಪಿದ ಸಾಣೆಕಲ್ಲು ಹಿತ್ತಲಿನಲ್ಲಿ ಕುಡುಗೋಲಿನ ಪಾಲಾಗುತ್ತದೆ. ನಡುವಿನ ತಗ್ಗಿನ ಬಗ್ಗೆ ಕುಡುಗೋಲಿನದೇನೂ ದೂರಿಲ್ಲ. ಅದು ಹುಟ್ಟಾ ಬಾಗಿದ್ದೇ.