ಅವ್ವ ಹಚ್ಚಿದ ಮೊದಲ ಬತ್ತಿ

ನವೆಂಬರ್ ಕೊನೆಗೆ ಬಾಂದ್ರಾದ ಹಿಲ್ ರೋಡಿನಲ್ಲಿ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ನೋಡಲು ದೀಪಾವಳಿಯ ಕಂದೀಲುಗಳ ತಂಗಿಯರಂತೆ. ಅವನ್ನು ಕೊಳ್ಳುವಾಗ, ಬೆಟಗೇರಿಯಿಂದ ಬಂದಿದ್ದ ಅವ್ವ ಕೇಳಿದಳು: ‘ಇಲ್ಲೆ ಆಗಮನ ಕಾಲದ ಆರಾಧನೆ ಕನ್ನಡದಾಗ ಇರೂದಿಲ್ಲೇನೋ?’

ನಾವು ಹೋಗುವ ಮಲಾಡಿನ ಚರ್ಚ್‌ನಲ್ಲಿ ಇಂಗ್ಲಿಷ್, ಮರಾಠಿ, ತಮಿಳು ಇವೆ. ಕನ್ನಡವಿಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ವಾರಕ್ಕೊಂದು ಮೇಣದಬತ್ತಿ ಹಚ್ಚುತ್ತಾರೆ. ಹಬ್ಬ ಯಾವಾಗ ಎಂದು ದಿನವೂ ಪೀಡಿಸುತ್ತಿದ್ದ ಬಡಮಕ್ಕಳಿಗಾಗಿ 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ವಿಕೆರ್ನ್ ಗಾಡಿಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದ್ದೇ ಇದರ ಮೂಲ. ಅದಕ್ಕೂ ಐದು ವರ್ಷ ಮೊದಲೇ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದಿದ್ದರು. ಬಂದವರು ಮೊದಲು ಕನ್ನಡ ಕಲಿತರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ತಂದರು, 1894ರಲ್ಲಿ ಕಿಟೆಲ್ ನಿಘಂಟು ಬಂತು. ರಕ್ಷಕ ಎಲ್ಲ ಜನಾಂಗಗಳಿಗೂ ಬರುತ್ತಾನೆಂಬ ಸುದ್ದಿ ಅವ್ವನ ಮನೆತನಕ್ಕೆ ತಲುಪಿದ್ದು ಕನ್ನಡದಲ್ಲೇ. ಎಂಟೆಕ್ ಮಾಡಿದ ಮಗ ಮಾತ್ರ ಈಗ ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾನೆ. ಮೊಮ್ಮಗಳಿಗೆ ಕನ್ನಡ ಅರ್ಧಂಬರ್ಧ.

ಆ ಭಾನುವಾರ ಪಾದ್ರಿಗಳು, ಹಿರಿಯರೇ ಮೊದಲ ಬತ್ತಿ ಹಚ್ಚಲಿ, ತಮ್ಮ ಭಾಷೆಯಲ್ಲೇ ಪ್ರಾರ್ಥಿಸಲಿ ಎಂದರು. ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದಳು. ಬೆಟಗೇರಿಯ ಕನ್ನಡ ಮೈಕಿನಲ್ಲಿ ಮೊಳಗಿತು. ಮುಗಿದಾಗ ಎಲ್ಲರಿಗಿಂತ ಮೊದಲು ‘ಆಮೆನ್’ ಅಂದದ್ದು ಹಿಂದಿನ ಸಾಲಿನ ತಮಿಳು ಅಜ್ಜಿ.

‘ನಿರೀಕ್ಷೆ ಅಂದ್ರೆ ಏನಪ್ಪಾ? ಕಾಯೋದಾ, ಹೋಪಾ?’ ಮಗಳು ಕಿವಿಯಲ್ಲಿ ಕೇಳಿದಳು.

ಎರಡೂ ಅಂದೆ.

ಎರಡನೇ ಬತ್ತಿಗೆ ತಾನೇ ಕನ್ನಡದಲ್ಲಿ ಪ್ರಾರ್ಥಿಸುತ್ತಾಳಂತೆ. ಅಡುಗೆಮನೆಯಲ್ಲಿ ಅಜ್ಜಿಯಿಂದ ಪಾಠ ನಡೆದಿದೆ.